ನಾಮಕ್ಕಲ್‌ನಿಂದ ಖಾಲಿ ಬರಬೇಡಿ: ರಿಟರ್ನ್ ಲೋಡ್ ಹಿಡಿಯುವ ಬಗೆ

ರಾಣೆಬೆನ್ನೂರಿನಿಂದ ತಮಿಳುನಾಡಿನ ನಾಮಕ್ಕಲ್‌ಗೆ ಮೆಕ್ಕೆಜೋಳ ಸಾಗಿಸುವುದು ನನ್ನ ಮುಖ್ಯ ಲೈನು. 10 ಚಕ್ರದ ಸ್ವಂತ ಗಾಡಿ, ನಾನೇ ಡ್ರೈವರ್. ಅಲ್ಲಿನ ಕೋಳಿ ಫಾರಂಗಳಿಗೆ ನಮ್ಮ ಕಡೆಯ ಜೋಳ ಬೇಕೇ ಬೇಕು. ಹಾಗಾಗಿ ಹೋಗುವಾಗ ಬಾಡಿಗೆಗೆ ತೊಂದರೆ ಇಲ್ಲ. ಕಷ್ಟ ಇರುವುದು ಬರುವಾಗಿನ ಲೋಡಿಗೆ, ಅಂದರೆ ರಿಟರ್ನ್ ಲೋಡಿಗೆ. ಸುಮಾರು 550 ಕಿಲೋಮೀಟರ್ ಖಾಲಿ ಓಡಿಸಿದರೆ ದುಡಿದದ್ದೆಲ್ಲ ಡೀಸೆಲ್ಲಿಗೇ ಹೋಗುತ್ತದೆ.

ಜೋಳ ಇಳಿಸಿದ ಮೇಲೆ ಲೋಡ್ ಹುಡುಕಲು ಶುರು ಮಾಡಬೇಡಿ. ಖಾಲಿ ಗಾಡಿ ಲೋಡ್ ಕೊಡಿಸುವ ಬ್ರೋಕರ್ ಆಫೀಸಿನ ಮುಂದೆ ಬೆಳಿಗ್ಗೆಯಿಂದ ನಿಂತಿದ್ದರೆ ಅವರು ಹೇಳಿದ್ದೇ ದರ. ನಾನು ರಾಣೆಬೆನ್ನೂರಿನಲ್ಲಿ ಚೀಲ ಏರುತ್ತಿರುವಾಗಲೇ ಸೇಲಂ, ಈರೋಡ್, ನಾಮಕ್ಕಲ್‌ನ ನಾಲ್ಕು ಆಫೀಸಿಗೆ ಫೋನ್ ಮಾಡುತ್ತೇನೆ. "ನಾಡಿದ್ದು ಖಾಲಿ ಆಗ್ತೀನಿ ಅಣ್ಣ, ಹುಬ್ಬಳ್ಳಿ ಕಡೆಗೆ ಏನಿದೆ?" ಅಷ್ಟೇ. ಹೊಟ್ಟೆಪಾಡಿನ ತಮಿಳು ಕಲಿತಿದ್ದೇನೆ, ನೀವೂ ಕಲಿಯಿರಿ. ಕೃಷ್ಣಗಿರಿ ದಾಟಿ ಚಹಾಕ್ಕೆ ನಿಂತಾಗ ಇನ್ನೊಂದು ಸಲ ಕೇಳುತ್ತೇನೆ. ತೊಪ್ಪೂರು ಘಾಟಿನಲ್ಲಿ ಮಾತ್ರ ಫೋನ್ ಮುಟ್ಟುವುದಿಲ್ಲ. ಆ ಇಳಿಜಾರು ಎಷ್ಟು ಗಾಡಿ ನುಂಗಿದೆ ಅಂತ ನಮ್ಮವರಿಗೆಲ್ಲ ಗೊತ್ತು.

ಖಾಲಿ ಆಗುವ ಹೊತ್ತನ್ನು ಅರ್ಧ ದಿನ ಮುಂದೆ ಹಾಕಿಯೇ ಹೇಳಿ. ಕೋಳಿ ಆಹಾರ ಮಾಡುವ ಫೀಡ್ ಮಿಲ್ಲಿನ ಗೇಟಿನಲ್ಲಿ ಚೀಲಕ್ಕೆ ಚೂಪು ಕೊಳವೆ ಚುಚ್ಚುತ್ತಾರೆ. ಬಂದ ಒಂದು ಹಿಡಿ ಕಾಳನ್ನು ಮೀಟರಿಗೆ ಹಾಕುತ್ತಾರೆ. ತೇವ ಶೇಕಡಾ 14ಕ್ಕಿಂತ ಜಾಸ್ತಿ ತೋರಿಸಿದರೆ ಜೋಳ ಕಳಿಸಿದ ಸೇಟು, ಮಿಲ್ಲಿನವರು ಫೋನಿನಲ್ಲಿ ದರ ಎಳೆದಾಡುತ್ತಾರೆ, ಗಾಡಿ ಬಿಸಿಲಲ್ಲಿ ನಿಲ್ಲುತ್ತದೆ. ಒಂದು ನವೆಂಬರ್‌ನಲ್ಲಿ ಹೀಗೆ ಎರಡು ದಿನ ನಿಂತೆ. ಹಾಲ್ಟಿಂಗ್ ದುಡ್ಡು, ಅಂದರೆ ಗಾಡಿ ಕಾಯಿಸಿದ್ದಕ್ಕೆ ಕೊಡುವ ಹಣ, ಮೊದಲೇ ಮಾತಾಡಿರಲಿಲ್ಲ, ಸಿಗಲೂ ಇಲ್ಲ. ಒಪ್ಪಿಕೊಂಡಿದ್ದ ರಿಟರ್ನ್ ಲೋಡೂ ಬೇರೆಯವರ ಪಾಲಾಯಿತು.

ಇನ್ನು ದರದ ಮಾತು. ನನ್ನ ಗಾಡಿ ಖಾಲಿ ಬಂದರೆ 100 ಲೀಟರ್ ಕುಡಿಯುತ್ತದೆ, ಲೋಡ್ ಇದ್ದರೆ 120ರ ಮೇಲೆ. ಲೀಟರಿಗೆ 90 ಅಂತ ಹಿಡಿದರೆ ಲೋಡಿನಿಂದ ಜಾಸ್ತಿ ಆಗುವ ಡೀಸೆಲ್ ಬರೀ 2,000 ಚಿಲ್ಲರೆ. ಟೋಲ್ ಖಾಲಿ ಗಾಡಿಗೂ ಅಷ್ಟೇ, ಲೋಡ್ ಗಾಡಿಗೂ ಅಷ್ಟೇ. ಆದರೆ ಗಾಡಿ ಒಂದು ದಿನ ನಿಂತರೆ ಕಂತು, ಇನ್ಶೂರೆನ್ಸ್, ಪರ್ಮಿಟ್, ಊಟ ಸೇರಿ ನನಗೆ 3,000 ಖರ್ಚು. ಇವತ್ತು 18,000 ಕೊಡುತ್ತಾರೆ, ನಾಳೆ 20,000 ಸಿಗಬಹುದು ಅಂದರೆ ಇವತ್ತೇ ಹೊರಡುತ್ತೇನೆ. ನಿಮ್ಮ ಗಾಡಿಯ ಒಂದು ದಿನದ ಖರ್ಚು ಎಷ್ಟು ಅಂತ ಒಮ್ಮೆ ಚೀಟಿಯಲ್ಲಿ ಬರೆದು ನೋಡಿ. ಅದು ಗೊತ್ತಿಲ್ಲದೆ ಚೌಕಾಸಿ ಮಾಡುವುದು ಸುಮ್ನೆ.

ಯಾವ ಊರಲ್ಲಿ ಏನು ಸಿಗುತ್ತದೆ ಅಂತ ತಿಳಿದಿರಬೇಕು. ಈರೋಡಿನಲ್ಲಿ ಅರಿಶಿನ, ಬಟ್ಟೆ. ಕರೂರಿನ ಕಡೆ ಕಾಗದ, ಸಿಮೆಂಟು. ನನಗೆ ಹೆಚ್ಚು ಕೂಡಿಬಂದಿರುವುದು ಸೇಲಂನ ಸಾಬೂದಾನಿ, ಅಂದರೆ ಸಬ್ಬಕ್ಕಿ. ಉಪವಾಸದ ಅಡುಗೆಗೆ ಅದು ಬಹಳ ಹೋಗುವುದು ಮಹಾರಾಷ್ಟ್ರಕ್ಕೆ, ಅಂದರೆ ನಮ್ಮ ಊರಿನ ಮೇಲೆಯೇ. ಶ್ರಾವಣಕ್ಕೆ, ನವರಾತ್ರಿಗೆ ಮುಂಚೆ ವಿಚಾರಿಸಿ. ಹುಬ್ಬಳ್ಳಿಗೆ ಸಿಗದಿದ್ದರೆ ಕೊಲ್ಹಾಪುರದ ಲೋಡ್ ಆದರೂ ಹಿಡಿಯುತ್ತೇನೆ. ಅಲ್ಲಿಂದ ಕೆಳಗೆ ನಮ್ಮ ಕಡೆಗೆ ಸಕ್ಕರೆ, ಬೆಲ್ಲ ಸಿಗುತ್ತದೆ. ಬೆಂಗಳೂರಿಗೆ ಮಾತ್ರ ಇಳಿಸುವ ಜಾಗ ಕೇಳದೆ ಒಪ್ಪಬೇಡಿ. ಊರೊಳಗೆ ಆದರೆ ಹಗಲು ನೋ ಎಂಟ್ರಿ, ರಾತ್ರಿಯವರೆಗೆ ಕಾಯಬೇಕು. ನೆಲಮಂಗಲದ ಗೋಡೌನ್ ಆದರೆ ಒಳ್ಳೆಯದು, ಮನೆಯ ದಾರಿಯಲ್ಲೇ ಇದೆ, ಮುಂದಿನ ಲೋಡೂ ಅಲ್ಲೇ ಸಿಗಬಹುದು.

ಹೊಸ ಬ್ರೋಕರ್ ಫೋನಿನಲ್ಲೇ "ಬುಕಿಂಗ್ ಫೀಸ್ ಹಾಕಿ" ಅಂದರೆ ಫೋನ್ ಇಡಿ. ಅಡ್ವಾನ್ಸ್ ಎಷ್ಟು, ಹಮಾಲಿ ಯಾರದ್ದು, ಹಾಲ್ಟಿಂಗ್ ಎಷ್ಟು, ಬ್ಯಾಲೆನ್ಸ್ ಎಲ್ಲಿ ಕೊಡುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ನಂಬಿ 8,000 ರೂಪಾಯಿ ಬ್ಯಾಲೆನ್ಸ್ ಕಳೆದುಕೊಂಡಿದ್ದೇನೆ. ಆ ತಿಂಗಳ ಕಂತು ಕಟ್ಟಲು ಹೆಂಡತಿಯ ಬಳೆ ಅಡ ಇಡಬೇಕಾಯಿತು. ಹೊರಡುವ ಮೊದಲು ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ) ತೆರೆದು ಗಾಡಿ ನಂಬರ್ ನೀವೇ ಓದಿ. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಗಾಡಿ ಕೆಟ್ಟು ತಡವಾದರೆ ಕೂಡಲೇ ಟ್ರಾನ್ಸ್‌ಪೋರ್ಟ್‌ನವರಿಗೆ ತಿಳಿಸಿ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆಯವರೆಗೆ ಅದನ್ನು ವಿಸ್ತರಿಸಬಹುದು.

ಜೋಳ ಇಳಿದ ಕೂಡಲೇ ನಾನು ಮಾಡುವ ಕೆಲಸ ಕಸಬರಿಗೆ ಹಿಡಿಯುವುದು. ಹಲಗೆಗಳ ಸಂದಿಯಲ್ಲಿ ಕಾಳು, ಹೊಟ್ಟು ಸಿಕ್ಕಿಕೊಂಡಿರುತ್ತದೆ. ಕಬ್ಬಿಣದ ಕಡ್ಡಿ ಹಾಕಿ ಕೆದಕಿ ತೆಗೆಯುತ್ತೇನೆ. ತಾಡಪಾಲ ಒಣಗಿಸಿ ಮಡಚಿ ಇಡುತ್ತೇನೆ. ಸಾಬೂದಾನಿ ಬೆಳ್ಳಗಿನ ಮಾಲು. ಮಿಲ್ಲಿನವನು ಮೊದಲು ಬಂದು ಹಿಂದಿನ ಡೋರ್ ಇಳಿಸಿ, ನೆಲದ ಮೇಲೆ ಅಂಗೈ ಸವರಿ ನೋಡುತ್ತಾನೆ. ಕೈಗೆ ಧೂಳು ಹತ್ತದಿದ್ದರೆ ಮಾತ್ರ ಹಮಾಲರನ್ನು ಕರೆಯುತ್ತಾನೆ.