ನಿಧಿಯ ರಿಡೆಂಪ್ಷನ್ ನೀತಿ ಬರೆದಾಗ ನಾನು ತಿದ್ದಿಕೊಂಡದ್ದು

ಹೂಡಿಕೆದಾರರು ಯಾವಾಗ ಬೇಕಾದರೂ ಸೇರಿ ಹೊರಬರಬಹುದಾದ ಓಪನ್ ಎಂಡೆಡ್ ನಿಧಿಗಳನ್ನು ನಡೆಸುವ ಸಂಸ್ಥೆಯೊಂದರ ಅಪಾಯ ನಿರ್ವಹಣಾ ವಿಭಾಗದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನನಗೆ, ಈ ಉದ್ಯಮದ ನಿಯಮಗಳಲ್ಲೆಲ್ಲ ಒಂದು ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಯಾವ ದಿನ ಕೇಳಿದರೂ ಹಣ ಹಿಂದಿರುಗಿಸುತ್ತೇವೆಂದು, ಅಂದರೆ ರಿಡೆಂಪ್ಷನ್ ಕೊಡುತ್ತೇವೆಂದು, ಮಾತು ಕೊಟ್ಟು, ಆ ಹಣವನ್ನು ಬೇಗ ಮಾರಲಾಗದ ಬಾಂಡ್‌ಗಳಲ್ಲಿ ತೊಡಗಿಸಿದ ನಿಧಿಯು, ಹೂಡಿಕೆದಾರರೆಲ್ಲ ಒಟ್ಟಿಗೆ ಬಂದು ನಿಂತರೆ ಏನು ಮಾಡಬೇಕು?

2008ರ ಸೆಪ್ಟೆಂಬರ್ 16ರಂದು, ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಸಲ್ಲಿಸಿದ ಮರುದಿನ, ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ತೊಡಗಿಸುವ ಮನಿ ಮಾರ್ಕೆಟ್ ನಿಧಿಯಾದ ಅಮೆರಿಕದ ರಿಸರ್ವ್ ಪ್ರೈಮರಿ ಫಂಡ್‌ನ ಯೂನಿಟ್ ಬೆಲೆ 1 ಡಾಲರ್‌ನಿಂದ 97 ಸೆಂಟ್‌ಗೆ ಇಳಿಯಿತು. ಅದರ ಪಾಠವಾಗಿ ಬಂದ 2014ರ ನಿಯಮವು, ವಾರದೊಳಗೆ ನಗದಾಗಬಲ್ಲ ಆಸ್ತಿಯು ಶೇ 30ಕ್ಕಿಂತ ಕೆಳಗಿಳಿದರೆ ಶುಲ್ಕ ವಿಧಿಸಲು ಅಥವಾ ರಿಡೆಂಪ್ಷನ್ ತಡೆಹಿಡಿಯಲು ಮನಿ ಮಾರ್ಕೆಟ್ ನಿಧಿಗಳಿಗೆ ಅವಕಾಶ ಕೊಟ್ಟಿತು. ನಮ್ಮ ಬಾಂಡ್ ನಿಧಿಯ ನೀತಿಯ ಕರಡನ್ನು ನಾನು ಅದೇ ಮಾದರಿಯಲ್ಲಿ ಬರೆದಿದ್ದೆ. ಒಂದೇ ದಿನ ನಿಧಿಯ ಶೇ 5ಕ್ಕಿಂತ ಹೆಚ್ಚು ಹಣ ಹೊರಹೋದರೆ ಎನ್‌ಎವಿಯನ್ನು, ಅಂದರೆ ಪ್ರತಿ ಯೂನಿಟ್‌ನ ಬೆಲೆಯನ್ನು, ಕೆಳಕ್ಕೆ ಸರಿಹೊಂದಿಸುತ್ತೇವೆಂದು, ಆ ಅಂಕಿಯನ್ನೂ ಮುದ್ರಿಸಿ, ಪಾರದರ್ಶಕತೆಗೆ ಇದೇ ಸರಿಯೆಂದು ನಂಬಿದ್ದೆ.

2020ರ ಮಾರ್ಚ್‌ನಲ್ಲಿ ಆ ನಂಬಿಕೆ ಹೋಯಿತು. ಅಮೆರಿಕದ ನಿಧಿಗಳು ಶೇ 30ರ ಗೆರೆಯನ್ನು ಸಮೀಪಿಸುತ್ತಿದ್ದಂತೆಯೇ, ದೊಡ್ಡ ಹೂಡಿಕೆದಾರರು ಬಾಗಿಲು ಮುಚ್ಚುವ ಮೊದಲೇ ಹೊರಬೀಳಲು ಧಾವಿಸಿದರು. ಓಟವನ್ನು ತಡೆಯಬೇಕಿದ್ದ ಗೆರೆಯೇ ಓಟಕ್ಕೆ ಕಾರಣವಾಯಿತು. 2023ರಲ್ಲಿ ಆ ತಡೆ ವ್ಯವಸ್ಥೆಯನ್ನು ನಿಯಂತ್ರಕರೇ ತೆಗೆದುಹಾಕಿ, ವಾರದೊಳಗಿನ ನಗದು ಆಸ್ತಿಯ ಕನಿಷ್ಠ ಪ್ರಮಾಣವನ್ನು ಶೇ 50ಕ್ಕೆ ಏರಿಸಿದರು. ನಾನು ಅದಕ್ಕೂ ಮೊದಲೇ ನಮ್ಮ ದಾಖಲೆಯಿಂದ ಶೇ 5ರ ಅಂಕಿಯನ್ನು ತೆಗೆದೆ. ಸರಿಹೊಂದಿಸುವ ವಿಧಾನವನ್ನು ವಿವರಿಸಿ, ಮಿತಿಯನ್ನು ಮಾತ್ರ ಆಂತರಿಕವಾಗಿ ಇರಿಸಿಕೊಂಡೆವು.

ಆದರೆ ಹೆಚ್ಚು ಪೆಟ್ಟು ಕೊಟ್ಟ ತಪ್ಪು ಬೇರೆಯದು. ಹೀಗೆ ಎನ್‌ಎವಿಯನ್ನು ಸರಿಹೊಂದಿಸುವ ಸ್ವಿಂಗ್ ಪ್ರೈಸಿಂಗ್‌ನ ಪ್ರಮಾಣವನ್ನು ನಾವು ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತಿದ್ದೆವು. ಒಂದು ಬಾಂಡನ್ನು ಕೊಳ್ಳುವವರು 99 ಕೊಡುತ್ತಾರೆ, ಮಾರುವವರು 100 ಕೇಳುತ್ತಾರೆ ಎಂದುಕೊಳ್ಳೋಣ. ನಾವು ಮಧ್ಯದ 99.50ರಲ್ಲಿ ಮೌಲ್ಯ ಕಟ್ಟಿರುವುದರಿಂದ ಮಾರಿದಾಗ 0.50 ನಷ್ಟವಾಗುತ್ತದೆ; ಅದನ್ನು ಹೊರಹೋಗುವವರೇ ಭರಿಸಬೇಕು. ಆ ಮಾರ್ಚ್‌ನ ಒಂದು ಮಧ್ಯಾಹ್ನ ಅಂಥದ್ದೇ ಬಾಂಡ್ ಒಂದಕ್ಕೆ ಮೂವರು ಡೀಲರ್‌ಗಳಿಗೆ ಫೋನ್ ಮಾಡಿದೆ. ಇಬ್ಬರು ಬೆಲೆಯನ್ನೇ ಹೇಳಲಿಲ್ಲ. ಮೂರನೆಯವರು 96ಕ್ಕೆ ಕೊಳ್ಳುತ್ತೇನೆ, 99ಕ್ಕೆ ಮಾರುತ್ತೇನೆ ಎಂದರು. ಅಂದರೆ ನಷ್ಟ 1.50, ನಮ್ಮ ಕೋಷ್ಟಕದಲ್ಲಿ ಇನ್ನೂ 0.50 ಎಂದೇ ಇತ್ತು. ಉಳಿದ 1.00 ನಿಧಿಯಲ್ಲೇ ನಿಂತವರ, ಅಂದರೆ ನಮ್ಮನ್ನು ನಂಬಿ ಸುಮ್ಮನಿದ್ದವರ ಜೇಬಿನಿಂದ ಹೋಗುತ್ತಿತ್ತು. ಆ ವ್ಯತ್ಯಾಸವನ್ನು ಕಂಡಾಗ ನನಗಾದ ಸಂಕಟ ಇನ್ನೂ ನೆನಪಿದೆ. ಅಂದು ಸಂಜೆಯೇ ಪ್ರಮಾಣವನ್ನು ಬದಲಿಸಲು ಸಮಿತಿಯ ಒಪ್ಪಿಗೆ ಪಡೆದೆವು. ಈಗ ಅದನ್ನು ವಾರಕ್ಕೊಮ್ಮೆ, ಮಾರುಕಟ್ಟೆ ಕಲಕಿದಾಗ ಪ್ರತಿದಿನವೂ ಲೆಕ್ಕ ಹಾಕುತ್ತೇವೆ.

ಮಾರಾಟ ವಿಭಾಗದವರು ವಿರೋಧಿಸಿದರು. ಹೊರಹೋಗುವ ಗ್ರಾಹಕರಿಗೆ ಕಡಿಮೆ ಬೆಲೆ ಸಿಕ್ಕಿದ್ದಕ್ಕೆ ಉತ್ತರ ಹೇಳಬೇಕಾದವರು ಅವರೇ ಆದ್ದರಿಂದ ಆ ವಿರೋಧ ಸಹಜವಾಗಿತ್ತು. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟ ನಂತರ ಮಾತು ಸುಲಭವಾಯಿತು.

ಯುರೋಪಿಯನ್ ಒಕ್ಕೂಟದ 2024ರ ನಿರ್ದೇಶನವು, ರಿಡೆಂಪ್ಷನ್ ಸ್ಥಗಿತದ ಅಧಿಕಾರವಲ್ಲದೆ, ಹೊರಹೋಗುವ ಹಣವನ್ನು ನಿಭಾಯಿಸುವ ಇಂಥ ಕನಿಷ್ಠ ಎರಡು ಸಾಧನಗಳನ್ನು, ಮನಿ ಮಾರ್ಕೆಟ್ ನಿಧಿಗಳನ್ನು ಬಿಟ್ಟು, ಪ್ರತಿಯೊಂದು ಓಪನ್ ಎಂಡೆಡ್ ನಿಧಿಯೂ ಮೊದಲೇ ಆರಿಸಿಕೊಳ್ಳಬೇಕೆಂದು ವಿಧಿಸಿದೆ; ಅನ್ವಯದ ದಿನಾಂಕ 2026ರ ಏಪ್ರಿಲ್ 16. ನಮ್ಮ ಬಾಂಡ್ ನಿಧಿಗೆ ನಾನು ಸೂಚಿಸಿದ್ದು ಸ್ವಿಂಗ್ ಪ್ರೈಸಿಂಗ್ ಮತ್ತು ನೋಟಿಸ್ ಅವಧಿಯ (ಹಣ ಹಿಂಪಡೆಯಲು ಮುಂಚಿತವಾಗಿ ತಿಳಿಸಬೇಕಾದ ಅವಧಿಯ) ವಿಸ್ತರಣೆ. ಹಿಂಪಡೆಯಬಹುದಾದ ಹಣಕ್ಕೆ ತಾತ್ಕಾಲಿಕವಾಗಿ ಮಿತಿ ಹಾಕುವ ರಿಡೆಂಪ್ಷನ್ ಗೇಟ್ ಕೂಡ ಆ ಪಟ್ಟಿಯಲ್ಲಿದೆ; ಅದನ್ನು ನಾನು ಆರಿಸಲಿಲ್ಲ.