ಶಟ್‌ಡೌನ್ ಮಾಡಿದರೂ ಸೊನ್ನೆಯಾಗದ ಅಪ್ ಟೈಮ್

ನನ್ನ ವಿಂಡೋಸ್ ಲ್ಯಾಪ್‌ಟಾಪ್ ಬರ್ತಾ ಬರ್ತಾ ನಿಧಾನವಾಗುತ್ತಿತ್ತು. ದಿನಾ ರಾತ್ರಿ ಶಟ್‌ಡೌನ್ ಮಾಡಿಯೇ ಮಲಗುತ್ತೇನೆ, ಆದರೂ ಬೆಳಗ್ಗೆ ಅದೇ ತೂಕಡಿಕೆ. ಎಷ್ಟು ಹೊತ್ತಿನಿಂದ ಓಡ್ತಿದೆ ನೋಡೋಣ ಅಂತ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಆರಿಸಿದರೆ ಗ್ರಾಫ್ ಕೆಳಗೆ 'ಅಪ್ ಟೈಮ್' ಇರುತ್ತದೆ. ಅಲ್ಲಿ 12:04:31:09 ಅಂತಿತ್ತು. ಮೊದಲನೆಯದು ದಿನ, ಆಮೇಲೆ ಗಂಟೆ, ನಿಮಿಷ, ಸೆಕೆಂಡ್. ಆಗಷ್ಟೇ ಆನ್ ಮಾಡಿದ ಲ್ಯಾಪ್‌ಟಾಪಿಗೆ ಹನ್ನೆರಡು ದಿನವಾ?

ಕಾರಣ ಫಾಸ್ಟ್ ಸ್ಟಾರ್ಟಪ್. ಕಂಪ್ಯೂಟರ್ ಬೇಗ ಆನ್ ಆಗಲಿ ಅಂತ ವಿಂಡೋಸ್ 8ರಲ್ಲಿ ಬಂದದ್ದು. ಶಟ್‌ಡೌನ್ ಒತ್ತಿದಾಗ ನಮ್ಮ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ, ಲಾಗೌಟ್ ಕೂಡ ಆಗುತ್ತದೆ. ಆದರೆ ಕರ್ನೆಲ್ (ವಿಂಡೋಸ್ ವ್ಯವಸ್ಥೆಯ ತಿರುಳು) ಮತ್ತು ಡ್ರೈವರ್‌ಗಳು (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಂಗಳು) ಇದ್ದ ಸ್ಥಿತಿಯಲ್ಲೇ ಡಿಸ್ಕಿನಲ್ಲಿರುವ ಹೈಬರ್ನೇಶನ್ ಫೈಲಿಗೆ ಸೇರಿಬಿಡುತ್ತವೆ. ಮುಂದಿನ ಸಲ ಆನ್ ಮಾಡಿದಾಗ ಅದನ್ನೇ ಎತ್ತಿ ಮೆಮೊರಿಗೆ ತುಂಬುತ್ತದೆ. ಹಾಗಾಗಿ ಲೆಕ್ಕ ಮುಂದುವರಿಯುತ್ತಲೇ ಇರುತ್ತದೆ. ಡ್ರೈವರ್‌ನ ಹಳೇ ತಕರಾರು ಏನಾದರೂ ಇದ್ದರೆ ಅದೂ ಜೊತೆಗೇ ಬರಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. ವಿಚಿತ್ರ ಅಲ್ವಾ?

ರೀಸ್ಟಾರ್ಟ್ ಕೊಟ್ಟೆ. ಅಪ್ ಟೈಮ್ ಸೊನ್ನೆಯಿಂದ ಶುರುವಾಯಿತು, ತೂಕಡಿಕೆಯೂ ಹೋಯಿತು. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದೆ. ಆ ಸಾಲು ಮಸುಕಾಗಿದ್ದರೆ ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಲಿಂಕ್ ಮೊದಲು ಒತ್ತಬೇಕು. ಎಸ್‌ಎಸ್‌ಡಿ (ವೇಗದ ಸ್ಟೋರೇಜ್ ಡ್ರೈವ್) ಇರುವುದರಿಂದ ಆನ್ ಆಗುವುದಕ್ಕೆ ಜಾಸ್ತಿ ಹೊತ್ತೇನೂ ಹಿಡಿಯುತ್ತಿಲ್ಲ. ಸುಮ್ನೆ ಸೆಟ್ಟಿಂಗ್ ಯಾಕೆ ಮುಟ್ಟೋದು ಅನ್ನುವವರು ಶಿಫ್ಟ್ ಕೀ ಒತ್ತಿಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಆ ಸಲದ ಮಟ್ಟಿಗೆ ಪೂರ್ತಿ ಆಫ್ ಆಗುತ್ತದೆ.