ಎಂ.ಪಿ.ಎಡ್ ಮಾಡೋದಾ, ಸ್ಪೋರ್ಟ್ಸ್ ಸೈನ್ಸಲ್ಲಿ ಎಂಎಸ್ಸಿ ಮಾಡೋದಾ? ಸೇರೋಕೆ ಮುಂಚೆ ನೋಡ್ಕೋಬೇಕಾಗಿರೋದು

ಡಿಗ್ರಿ ಮುಗೀತು, ಆಟ ಚೆನ್ನಾಗಿ ಆಡ್ತೀನಿ, ಇದೇ ಲೈನಲ್ಲಿ ಪಿಜಿ ಮಾಡ್ಬೇಕು ಅಂತ ತುಂಬಾ ಹುಡುಗ್ರು ಹುಡುಗೀರು ಕೇಳ್ತಾರೆ, ಕೇಳಿದ ತಕ್ಷಣ ಯಾವ ಯೂನಿವರ್ಸಿಟಿ ಬೆಸ್ಟ್ ಅನ್ನೋ ಪ್ರಶ್ನೆಗೆ ಬಂದ್ಬಿಡ್ತಾರೆ. ಸ್ವಲ್ಪ ನಿಲ್ಲಿ. ಓದು ಮುಗಿದ ಮೇಲೆ ದಿನಾ ಬೆಳಿಗ್ಗೆ ಎಲ್ಲಿಗೆ ಕೆಲಸಕ್ಕೆ ಹೋಗ್ಬೇಕು ಅಂತ ಆಸೆ ಇದೆ, ಅದನ್ನ ಮೊದ್ಲು ತೀರ್ಮಾನ ಮಾಡಿ, ಯಾಕಂದ್ರೆ ಈ ಫೀಲ್ಡಲ್ಲಿ ಎರಡು ಬೇರೆ ಬೇರೆ ದಾರಿ ಇದೆ, ತಪ್ಪು ದಾರಿ ಹಿಡಿದ್ರೆ ಎರಡು ವರ್ಷ ಹಾಳು.

ಹೈಸ್ಕೂಲಲ್ಲಿ ಪಿಇ ಟೀಚರ್, ಅಂದ್ರೆ ದೈಹಿಕ ಶಿಕ್ಷಣದ ಟೀಚರ್, ಕಾಲೇಜಲ್ಲಿ ಪಿಡಿ (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಅಥವಾ ಪಿಡಿ ಮೇಡಂ ಆಗ್ಬೇಕು ಅಂತಿದ್ರೆ ದೈಹಿಕ ಶಿಕ್ಷಣದ ಡಿಗ್ರಿ ಬಿ.ಪಿ.ಎಡ್, ಆಮೇಲೆ ಅದೇ ವಿಷಯದ ಪಿಜಿ ಎಂ.ಪಿ.ಎಡ್. ಎರಡೂ ಎರಡೆರಡು ವರ್ಷ, ಎರಡಕ್ಕೂ ಟೀಚರ್ ಟ್ರೈನಿಂಗ್ ಕೋರ್ಸ್ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎನ್‌ಸಿಟಿಇ ಮಾನ್ಯತೆ ಇರ್ಬೇಕು, ಖಾಸಗಿ ಕಾಲೇಜಿಗೆ ದುಡ್ಡು ಕಟ್ಟೋಕೆ ಮುಂಚೆ ಎನ್‌ಸಿಟಿಇ ಪಟ್ಟೀಲಿ ಅದರ ಹೆಸರಿದ್ಯಾ ಅಂತ ನೀವೇ ಕಣ್ಣಾರೆ ನೋಡಿ, ಆಫೀಸಲ್ಲಿ ಹೇಳಿದ್ದನ್ನ ನಂಬ್ಕೊಂಡು ಕೂರ್ಬೇಡಿ. ಎಂ.ಪಿ.ಎಡ್‌ಗೆ ಬಿ.ಪಿ.ಎಡ್‌ನಲ್ಲಿ ಶೇ. 50 ಬೇಕು, ಮೀಸಲಾತಿ ಇರೋರಿಗೆ ಸಡಿಲಿಕೆ ಇದೆ. ಬರೀ ಬಿಎ ಬಿಕಾಂ ಮಾಡಿ ನೇರವಾಗಿ ಎಂ.ಪಿ.ಎಡ್ ಸೇರೋಕಾಗಲ್ಲ. ನಮ್ಮಲ್ಲಿ ಮಂಗಳೂರು, ಕುವೆಂಪು, ಧಾರವಾಡದ ಕರ್ನಾಟಕ ವಿವಿ, ಬೆಂಗಳೂರು ವಿವಿ ಎಲ್ಲಾ ಕಡೆ ಇದೆ, ಹೆಣ್ಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿ ಇದೆ. ಹೊರಗೆ ಹೋಗ್ತೀನಿ ಅನ್ನೋರಿಗೆ 1957ರಲ್ಲಿ ಶುರುವಾದ ಗ್ವಾಲಿಯರ್‌ನ ಲಕ್ಷ್ಮೀಬಾಯಿ ಸಂಸ್ಥೆ, 1920ರಿಂದ ನಡೀತಿರೋ ಚೆನ್ನೈನ ವೈಎಂಸಿಎ ಕಾಲೇಜು.

ಇನ್ನೊಂದು ದಾರಿ ಎಂಎಸ್ಸಿ. ಆಟಗಾರರನ್ನ ಟ್ರೆಡ್‌ಮಿಲ್ ಮೇಲೆ ಓಡಿಸಿ ಆಕ್ಸಿಜನ್ ಎಷ್ಟು ಬಳಸ್ತಾರೆ ನೋಡೋದು, ಕಾಲಿಂದ ಬೀಳೋ ಬಲ ಅಳೆಯೋ ಫೋರ್ಸ್ ಪ್ಲೇಟ್ ಮೇಲೆ ಜಂಪ್ ಮಾಡಿಸಿ ಎಡಗಾಲು ಬಲಗಾಲಿಗೆ ವ್ಯತ್ಯಾಸ ಎಷ್ಟು ಅಂತ ಲೆಕ್ಕ ಹಾಕೋದು, ಆ ಲೆಕ್ಕಾನ ಕೋಚ್‌ಗೆ ಅರ್ಥ ಆಗೋ ಹಾಗೆ ಹೇಳೋದು, ಇದು ಇಷ್ಟ ಅಂದ್ರೆ ಎಕ್ಸರ್ಸೈಸ್ ಫಿಸಿಯಾಲಜಿ (ವ್ಯಾಯಾಮ ಮಾಡೋವಾಗ ದೇಹ ಹೇಗೆ ಕೆಲಸ ಮಾಡತ್ತೆ ಅನ್ನೋದು) ಅಥವಾ ಸ್ಪೋರ್ಟ್ಸ್ ಬಯೋಮೆಕಾನಿಕ್ಸ್ (ಆಟದ ಚಲನೆಯ ಬಲ, ಕೋನ ಲೆಕ್ಕ ಹಾಕೋದು) ತಗೊಳ್ಳಿ. ಅಮೃತಸರದ ಗುರುನಾನಕ್ ದೇವ್ ವಿವೀಲಿ, ಗ್ವಾಲಿಯರ್‌ನಲ್ಲಿ ಇಂಥ ಕೋರ್ಸ್ ಇದೆ. ಕೆಲಸದ ವಿಷಯಕ್ಕೆ ಬಂದ್ರೆ ನಮ್ಮ ರಾಜ್ಯದೋರು ಅದೃಷ್ಟವಂತರೇ, ಬೆಂಗಳೂರಲ್ಲಿ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇದೆ, ಪಡುಕೋಣೆ-ದ್ರಾವಿಡ್ ಸೆಂಟರ್ ಇದೆ, ಬಳ್ಳಾರಿ ಹತ್ರ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಇದೆ. ಆದ್ರೆ ಬಿ.ಪಿ.ಎಡ್ ಇಲ್ದೆ ಬರೀ ಈ ಎಂಎಸ್ಸಿ ಇಟ್ಕೊಂಡು ಹೈಸ್ಕೂಲ್ ಪಿಇ ಟೀಚರ್ ಆಗ್ತೀನಿ ಅನ್ಕೋಬೇಡಿ. ಪೇಷಂಟ್‌ಗೆ ಟ್ರೀಟ್‌ಮೆಂಟ್ ಕೊಡೋ ಆಸೆ ಇದ್ರೆ ಅದು ಫಿಸಿಯೋಥೆರಪಿ, ಅಂದ್ರೆ ಬಿಪಿಟಿ, ಎಂಪಿಟಿ, ಆ ಲೈನೇ ಬೇರೆ.

ಸೇರೋಕೆ ಮುಂಚೆ ಒಂದ್ಸಲ ಆ ಡಿಪಾರ್ಟ್‌ಮೆಂಟಿಗೆ ಹೋಗ್ಬನ್ನಿ, ಇದನ್ನ ಮಾತ್ರ ದಯವಿಟ್ಟು ತಪ್ಪಿಸ್ಬೇಡಿ. ಲ್ಯಾಬ್ ಬಾಗಿಲು ತೆಗೆಸಿ ನೋಡಿ. ಮಷಿನ್ ಮೇಲೆ ಧೂಳು ಕೂತಿದ್ಯಾ, ಹೋದ ವರ್ಷದ ಸ್ಟೂಡೆಂಟ್ಸ್ ಯಾರಾದ್ರೂ ಅದನ್ನ ಮುಟ್ಟಿ ಡೇಟಾ ತಗೊಂಡಿದಾರಾ, ಒಬ್ಬ ಗೈಡ್ ಕೈಕೆಳಗೆ ಎಷ್ಟು ಜನ ಇದಾರೆ, ಸೀನಿಯರ್ಸ್ ಈಗ ಎಲ್ಲಿ ಕೆಲಸ ಮಾಡ್ತಿದಾರೆ, ಎಲ್ಲಾ ಕೇಳಿ. ಬ್ರೋಷರ್‌ನಲ್ಲಿರೋ ಫೋಟೋಗಿಂತ ಹಾಸ್ಟೆಲಲ್ಲಿರೋ ಸೀನಿಯರ್ ಜೊತೆ ಅರ್ಧ ಗಂಟೆ ಟೀ ಕುಡಿದ್ರೆ ಜಾಸ್ತಿ ಗೊತ್ತಾಗತ್ತೆ.

ಮೊದಲನೇ ಸೆಮಿಸ್ಟರಲ್ಲಿ ಆಟಗಾರರಿಗೆ ಏಟು ಬೀಳೋದು ಸ್ಟ್ಯಾಟಿಸ್ಟಿಕ್ಸು ಮತ್ತೆ ಬಯೋಮೆಕಾನಿಕ್ಸಲ್ಲಿ, ಅದ್ರಲ್ಲೂ ಆರ್ಟ್ಸ್ ಓದಿರೋರಿಗೆ. ರಜದಲ್ಲೇ ಎಸ್ಎಸ್ಎಲ್ಸಿ, ಪಿಯುಸಿ ಫಿಸಿಕ್ಸ್ ಪುಸ್ತಕ ತೆಗೆದು ಬಲ, ವೇಗ, ಟಾರ್ಕ್ ಪಾಠಗಳನ್ನ ಮತ್ತೆ ಓದಿ, ಮೀನ್, ಸ್ಟ್ಯಾಂಡರ್ಡ್ ಡೀವಿಯೇಷನ್, ಎರಡು ಗುಂಪಿನ ಸರಾಸರಿ ಹೋಲಿಸೋ ಟಿ-ಟೆಸ್ಟ್ ಏನು ಅಂತ ತಿಳ್ಕೊಳ್ಳಿ. ಜಮೋವಿ, ಜಾಸ್ಪ್ ಅಂತ ಈ ಲೆಕ್ಕ ಮಾಡೋ ಫ್ರೀ ಸಾಫ್ಟ್‌ವೇರ್ ಇದೆ, ಕಾಸು ಖರ್ಚಿಲ್ಲ. ಬೀಪ್ ಸದ್ದಿಗೆ ತಕ್ಕಂತೆ ವೇಗ ಹೆಚ್ಚಿಸ್ತಾ ಹೋಗಿ ಬಂದು ಓಡೋ ಯೋ-ಯೋ ಟೆಸ್ಟ್ ಕ್ರಿಕೆಟ್ ನೋಡೋರಿಗೆಲ್ಲ ಗೊತ್ತು, 2017ರಲ್ಲಿ ನಮ್ಮ ಟೀಮಿಗೆ 16.1ನೇ ಲೆವೆಲ್ ಪಾಸ್ ಮಾರ್ಕ್ ಇಟ್ಟಿದ್ದೂ ಗೊತ್ತು. ಆದ್ರೆ 20 ಮೀಟರ್ ಹೋಗಿ ಬಂದಾದ್ಮೇಲೆ 10 ಸೆಕೆಂಡ್ ಬಿಡುವು ಯಾಕೆ ಕೊಡ್ತಾರೆ, ಫುಟ್‌ಬಾಲ್ ಹಿನ್ನೆಲೇಲಿ ಡೆನ್ಮಾರ್ಕಿನ ಯೆನ್ಸ್ ಬ್ಯಾಂಗ್ಸ್‌ಬೋ ರೂಪಿಸಿದ ಟೆಸ್ಟು ಸ್ಪಿನ್ ಬೌಲರ್ ಬಗ್ಗೆ ಎಷ್ಟು ಹೇಳತ್ತೆ, ಈ ತರ ಕೇಳೋದು ಕಲಿತ್ರೆ ಆಗ ನೀವು ಪಿಜಿ ಓದ್ತಿದೀರ ಅಂತ ಅರ್ಥ.

ಪಿಜಿ ಕೊನೇಲಿ ಬರೆಯೋ ಸಂಶೋಧನಾ ಪ್ರಬಂಧ, ಅಂದ್ರೆ ಡಿಸರ್ಟೇಷನ್ ಟಾಪಿಕ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. 'ಯೋಗದಿಂದ ಕಾಲೇಜು ವಿದ್ಯಾರ್ಥಿಗಳ ಫಿಟ್‌ನೆಸ್ ಮೇಲೆ ಪರಿಣಾಮ' ಅನ್ನೋ ತರದ್ದು ಪ್ರತಿ ವರ್ಷ ಬರತ್ತೆ, ಅದನ್ನೇ ಇನ್ನೊಂದ್ಸಲ ಮಾಡ್ಬೇಡಿ. ನಮ್ಮ ಸುತ್ತ ಕಬಡ್ಡಿ ಇದೆ, ಖೋಖೋ ಇದೆ. ಕಬಡ್ಡೀಲಿ ರೈಡ್ ಅಂದ್ರೆ 30 ಸೆಕೆಂಡು, ಅಷ್ಟರಲ್ಲಿ ರೈಡರ್ ಹಾರ್ಟ್ ರೇಟ್ ಎಷ್ಟಕ್ಕೆ ಹೋಗತ್ತೆ, ಮುಂದಿನ ರೈಡಿಗೆ ಮುಂಚೆ ಎಷ್ಟು ಇಳಿಯತ್ತೆ? ಎದೆಗೆ ಕಟ್ಟೋ ಒಂದು ಹಾರ್ಟ್ ರೇಟ್ ಬೆಲ್ಟು, ನಿಮ್ಮೂರ ಟೀಮು ಇದ್ರೆ ಮಾಡ್ಬಹುದು. ಖೋಖೋ ಪೋಲ್ ಡೈವ್‌ನ ಫೋನಲ್ಲಿ ಸ್ಲೋ ಮೋಷನ್ ತೆಗೆದು ಕಿನೋವಿಯಾ ಅನ್ನೋ ವಿಡಿಯೋ ಸಾಫ್ಟ್‌ವೇರಲ್ಲಿ ಮಂಡಿ ಕೋನ ಅಳೀಬಹುದು, ಅದೂ ಫ್ರೀ. ಒಂದೇ ಪ್ರಶ್ನೆ ಇಟ್ಕೊಳ್ಳಿ, ಚಿಕ್ಕದಿರ್ಲಿ, ನಿಜವಾಗ್ಲೂ ಅಳೆಯೋಕಾಗೋದಿರ್ಲಿ. ಮತ್ತೆ ಎಥಿಕ್ಸ್ ಕಮಿಟಿ ಒಪ್ಪಿಗೆ, ಆಟಗಾರರ ಸಹಿ, ಮಕ್ಕಳಾದ್ರೆ ಅಪ್ಪ ಅಮ್ಮನ ಸಹಿ, ಇವೆಲ್ಲ ಡೇಟಾ ತಗೊಳೋಕೆ ಮುಂಚೆನೇ ಆಗ್ಬೇಕು.

ಫಾರಿನ್‌ಗೆ ಹೋಗೋರಿಗೆ ಚಿಕ್ಕದಾಗಿ ಹೇಳ್ತೀನಿ. ಅಮೆರಿಕದಲ್ಲಿ ಈ ಡಿಪಾರ್ಟ್‌ಮೆಂಟನ್ನ ಹೆಚ್ಚಾಗಿ ಕಿನಿಸಿಯಾಲಜಿ ಅಂತಾರೆ, ಕೋರ್ಸ್ ಸಾಮಾನ್ಯವಾಗಿ ಎರಡು ವರ್ಷ, ಕ್ಲಾಸ್ ತಗೊಂಡು ಅಥವಾ ಲ್ಯಾಬಲ್ಲಿ ಕೆಲಸ ಮಾಡಿ ಫೀಸ್ ಕಮ್ಮಿ ಮಾಡ್ಕೊಳ್ಳೋ ಅಸಿಸ್ಟೆಂಟ್‌ಶಿಪ್ ಕೆಲವು ಕಡೆ ಸಿಗತ್ತೆ. ಇಂಗ್ಲೆಂಡಿನ ಲಫ್‌ಬರೋ ತರದ ಕಡೆ ಎಂಎಸ್ಸಿ ಒಂದೇ ವರ್ಷ, ಆದ್ರೆ ದುಡ್ಡು ಕೈಯಿಂದ ಹಾಕ್ಬೇಕಾಗತ್ತೆ. ಎಸ್‌ಸಿ ಎಸ್‌ಟಿ ವಿದ್ಯಾರ್ಥಿಗಳು ಫಾರಿನ್ ಓದಿಗೆ ನೆರವು ಕೊಡೋ ರಾಜ್ಯದ ಪ್ರಬುದ್ಧ ಯೋಜನೆ ನಿಯಮ ಓದ್ನೋಡಿ. ಪ್ರೊಫೆಸರಿಗೆ ಮೇಲ್ ಹಾಕೋವಾಗ ಅವರ ಒಂದು ಪೇಪರಾದ್ರೂ ಪೂರ್ತಿ ಓದಿ, ಅದರ ಬಗ್ಗೆ ಒಂದು ಪ್ರಶ್ನೆ ಇಟ್ಟು ಬರೀರಿ.

ಇಲ್ಲೇ ಕಾಲೇಜು ಕೆಲಸಕ್ಕೆ ಹೋಗೋರು ಪಿಜಿ ಕೊನೇ ವರ್ಷದಲ್ಲೇ ಕಾಲೇಜು ಕೆಲಸದ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಕಟ್ಟಿ, ರಾಜ್ಯದ ಕೆಸೆಟ್ಟೂ ಬಿಡ್ಬೇಡಿ. ನೆಟ್‌ನಲ್ಲಿ ಹೆಚ್ಚು ಅಂಕ ತಗೊಂಡೋರಿಗೆ ಕೊಡೋ ಜೆಆರ್‌ಎಫ್ ಸಿಕ್ಕಿ ಪಿಎಚ್‌ಡಿಗೆ ಸೇರಿದ್ರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ, ಮನೇಲಿ ದುಡ್ಡು ಕೇಳೋ ಹಾಗಿರಲ್ಲ. ಪಿಜೀಲಿ ಶೇ. 55 ಕಾಪಾಡ್ಕೊಳ್ಳಿ. ಟೂರ್ನಮೆಂಟ್ ಸರ್ಟಿಫಿಕೇಟ್ ಒಂದೂ ಕಳ್ಕೋಬೇಡಿ, ಕಾಲೇಜು ಪಿಡಿ ಹುದ್ದೆಗೆ ಯುಜಿಸಿಯ 2018ರ ನಿಯಮದಲ್ಲಿ ಆಡಿದ ದಾಖಲೇನೂ ಕೇಳ್ತಾರೆ, ಜೊತೆಗೆ ಫಿಟ್‌ನೆಸ್ ಟೆಸ್ಟ್ ಇದೆ: 30 ವರ್ಷದೊಳಗಿನ ಗಂಡಸರು 12 ನಿಮಿಷಕ್ಕೆ 1800 ಮೀಟರ್, ಹೆಂಗಸರು 8 ನಿಮಿಷಕ್ಕೆ 1000 ಮೀಟರ್. ಈಗ ಆಡ್ತಿರೋರಿಗೆ ಇದು ಏನೂ ಅಲ್ಲ, ಆದ್ರೆ ಎರಡು ವರ್ಷ ಪುಸ್ತಕ, ಲ್ಯಾಪ್‌ಟಾಪ್ ಅಂತ ಕೂತ್ಬಿಟ್ರೆ ಕಾಲು ಮರ್ತ್ಬಿಡತ್ತೆ, ಅದಕ್ಕೆ ವಾರಕ್ಕೆ ಮೂರು ದಿನ ಆದ್ರೂ ಸ್ಟಾಪ್‌ವಾಚ್ ಹಾಕ್ಕೊಂಡು ಓಡ್ತಾ ಇರಿ.